ಅಪ್‌ಡೇಟ್: ಫೋರ್ಡ್ ಮಾಡೆಲ್ ಎ ಕಾರಿಗೆ ಹೊರದೇಶದ ಟೈರು

ನನ್ನ 1930ರ ಫೋರ್ಡ್ ಮಾಡೆಲ್ ಎ ಕಾರಿನ 19 ಇಂಚಿನ ಚಕ್ರಗಳಿಗೆ ಒಳ್ಳೆಯ ಟೈರುಗಳನ್ನು ಹೊರದೇಶದಿಂದ ತರಿಸುವ ಬಗೆಯನ್ನು ಹಿಂದೆ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ವಂದನೆಗಳು.

ಅಮೆರಿಕದ ಕೋಕರ್ ಟೈರ್ ಸಂಸ್ಥೆ ಫೈರ್‌ಸ್ಟೋನ್ ಹೆಸರಿನಲ್ಲಿ ಮಾರುವ 4.75/5.00-19 ಅಳತೆಯ ಬಯಾಸ್ ಪ್ಲೈ (ಒಳಗಿನ ನೂಲಿನ ಪದರಗಳು ಒಂದಕ್ಕೊಂದು ಓರೆಯಾಗಿ ಹಾಯುವ ಹಳೆಯ ಬಗೆಯ) ಟೈರನ್ನೇ ಆರಿಸಿಕೊಂಡಿದ್ದೇನೆ. ಬಿಳಿ ಪಟ್ಟಿಯದು ಚೆಂದವೇ, ಆದರೆ ನಮ್ಮ ಕೆಮ್ಮಣ್ಣಿನ ಧೂಳಿಗೆ ಕಪ್ಪೇ ಲೇಸು. ಯಾರಿಂದ ಕೊಂಡರೂ ಟೈರಿನ ಪಕ್ಕೆಯಲ್ಲಿರುವ ತಯಾರಿಕೆಯ ಸಂಕೇತದ ಫೋಟೊವನ್ನು ಮೊದಲೇ ತರಿಸಿಕೊಳ್ಳಿ: 3524 ಎಂದಿದ್ದರೆ ಅದು 2024ರ 35ನೇ ವಾರದ ಮಾಲು, ಹೊಸದಾಗಿಯೇ ಕಂಡರೂ ಗೋದಾಮಿನಲ್ಲಿ ವರ್ಷಗಟ್ಟಲೆ ಬಿದ್ದ ರಬ್ಬರು ಗಡುಸಾಗಿ ಬಿರುಕು ಬಿಡುತ್ತದೆ. ರಿಮ್ಮಿನೊಳಗಿನ ತುಕ್ಕು ಮತ್ತು ಒರಟು ಟ್ಯೂಬಿಗೆ ಉಜ್ಜದಂತೆ ಸುತ್ತುವ ರಬ್ಬರ್ ಫ್ಲಾಪನ್ನೂ ಟ್ಯೂಬುಗಳ ಜೊತೆಗೇ ಕಳಿಸಲು ಹೇಳಿದ್ದೇನೆ.

ತಲೆನೋವಿನ ವಿಷಯ ಕಾಗದಪತ್ರಗಳದ್ದು. 2020ರ ಜೂನ್‌ನಲ್ಲಿ ಹೊಸ ಟೈರುಗಳ ಆಮದನ್ನು ನಿರ್ಬಂಧಿತ ವರ್ಗಕ್ಕೆ ಸೇರಿಸಿದ್ದರಿಂದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಪರವಾನಗಿ ಬೇಕಾಗುತ್ತದೆ. ಅರ್ಜಿ ಸಲ್ಲಿಸಿದ್ದೇನೆ, ಅದು ಕೈಸೇರುವವರೆಗೆ ಹಣ ಕಳಿಸುವುದಿಲ್ಲ. ಉಡುಗೊರೆಯೆಂದು ಬರೆಸಿ ತರಿಸಿಬಿಡಿ ಎಂಬ ಸಲಹೆಯೂ ಬಂದಿತ್ತು. ಕಸ್ಟಮ್ಸ್‌ನವರ ಕೈಗೆ ಸಿಕ್ಕರೆ ಟೈರೂ ಹೋಗಿ ದಂಡವೂ ಬೀಳುವ ಆ ದಾರಿ ನನಗೆ ಬೇಡ.