ಏಪ್ರಿಲ್ ತಿಂಗಳ ವಿಶೇಷ ದಿನಗಳು: ನೋಟಿಸ್ ಬೋರ್ಡಿಗೆ ಏನೇನ್ ಹಾಕ್ಬೋದು?

ಯಲಹಂಕ_ವಾಸಿ
ನಮಸ್ಕಾರ ಎಲ್ರಿಗೂ. ನಮ್ ಅಪಾರ್ಟ್‌ಮೆಂಟಲ್ಲಿ ಕನ್ನಡ ಬಳಗದ್ದು ಅಂತ ಲಿಫ್ಟ್ ಪಕ್ಕ ಒಂದು ಬೋರ್ಡಿದೆ, ಪ್ರತಿ ತಿಂಗ್ಳು ಒಂದೇ ಒಂದು ಹಾಳೇಲಿ ಆ ತಿಂಗಳ ವಿಶೇಷ ದಿನ, ಜಯಂತಿ, ಪುಣ್ಯತಿಥಿ ಇವೆಲ್ಲ ಬರ್ದು ಹಾಕ್ತೀವಿ. ಈ ಸಲ ಏಪ್ರಿಲ್ ನನ್ ತಲೆಗೆ ಕಟ್ಟಿದಾರೆ. ಕಮಿಟಿಯವರೊಬ್ರು ವಾಟ್ಸಾಪಲ್ಲಿ ಬಂದಿದ್ ಲಿಸ್ಟ್ ಒಂದನ್ನ ಫಾರ್ವರ್ಡ್ ಮಾಡಿ "ಇದನ್ನೇ ಪ್ರಿಂಟ್ ತಗೊಂಡ್ಬಿಡಿ" ಅಂದ್ರು, ನೋಡಿದ್ರೆ ಬರೀ ವಿಶ್ವ ಅದು ದಿನ, ವಿಶ್ವ ಇದು ದಿನ, ನಲವತ್ ಸಾಲು. ಯಾರ್ ಓದ್ತಾರ್ರೀ ಅದನ್ನ, ಲಿಫ್ಟ್ ಬರೋ ಅಷ್ಟ್ರಲ್ಲಿ ಓದಿ ಮುಗೀಬೇಕು.

ನಂಗ್ ಬೇಕಿರೋದು ಎರಡು. ಒಂದು, ಬೆಂಗಳೂರಿಗೆ, ಕರ್ನಾಟಕಕ್ಕೆ ಸಂಬಂಧಪಟ್ಟಿದ್ದು ಏಪ್ರಿಲಲ್ಲಿ ಏನೇನಿದೆ. ಎರಡು, ಇದ್ರಲ್ಲಿ ತಾರೀಖು ಫಿಕ್ಸ್ ಇರೋದ್ ಯಾವ್ದು, ವರ್ಷಾ ವರ್ಷಾ ಓಡಾಡೋದ್ ಯಾವ್ದು? ಕರಗ ಒಂದ್ ವರ್ಷ ತಿಂಗಳ ಮೊದಲ್ನೇ ವಾರ, ಇನ್ನೊಂದ್ ವರ್ಷ ಕೊನೇ ವಾರ, ಯಾಕ್ ಹಿಂಗೆ ಅಂತ ಮಕ್ಳು ಕೇಳಿದ್ರೆ ಹೇಳಕ್ಕೂ ಗೊತ್ತಾಗ್ಬೇಕಲ್ಲ.

ಪಂಚಾಂಗ_ಪ್ರಿಯ
ಎರಡನೇ ಪ್ರಶ್ನೆ ಮೊದಲು ಮುಗಿಸ್ತೀನಿ ಸರ್. ಕರಗ ನಡೆಯೋದು ಚೈತ್ರ ಹುಣ್ಣಿಮೆಗೆ, ಅಂದ್ರೆ ಚಂದ್ರನ ಲೆಕ್ಕ. ಹನ್ನೆರಡು ಚಾಂದ್ರಮಾಸ ಸೇರಿದ್ರೆ ಸುಮಾರು 354 ದಿನ, ಇಂಗ್ಲಿಷ್ ವರ್ಷಕ್ಕಿಂತ ಹನ್ನೊಂದು ದಿನ ಕಮ್ಮಿ. ಹಂಗಾಗಿ ನಮ್ ಹಬ್ಬಗಳು ವರ್ಷಕ್ಕೆ ಹನ್ನೊಂದು ದಿನ ಹಿಂದಕ್ಕೆ ಸರೀತಾ ಹೋಗ್ತವೆ. ಹಂಗೇ ಬಿಟ್ರೆ ಯುಗಾದಿ ಚಳಿಗಾಲಕ್ಕೆ ಹೋಗ್ಬಿಡುತ್ತೆ, ಅದಕ್ಕೇ ಮೂರು ವರ್ಷಕ್ಕಿಂತ ಸ್ವಲ್ಪ ಮೊದಲೇ ಒಂದು ಅಧಿಕಮಾಸ ಸೇರಿಸಿ ಮತ್ತೆ ಮುಂದಕ್ಕೆ ತಳ್ತಾರೆ. ಕರಗದ ತಾರೀಖೇ ನೋಡಿ: 2023ರಲ್ಲಿ ಏಪ್ರಿಲ್ 6, ಆ ವರ್ಷ ಅಧಿಕ ಶ್ರಾವಣ ಬಂತು, ಅದಕ್ಕೆ 2024ರಲ್ಲಿ ಏಪ್ರಿಲ್ 23ಕ್ಕೆ ಹಾರ್ತು, 2025ರಲ್ಲಿ ಮತ್ತೆ ಹನ್ನೊಂದು ದಿನ ಹಿಂದೆ ಬಂದು ಏಪ್ರಿಲ್ 12. ಮಕ್ಳಿಗೆ ಈ ಮೂರು ತಾರೀಖು ತೋರ್ಸಿದ್ರೆ ಸಾಕು, ಅವ್ರೇ ಲೆಕ್ಕ ಹಾಕ್ಕೋತಾರೆ.

ಯುಗಾದಿ, ರಾಮನವಮಿ, ಮಹಾವೀರ ಜಯಂತಿ, ಬಸವ ಜಯಂತಿ ಎಲ್ಲ ಇದೇ ಗುಂಪು. ಯುಗಾದಿ 2024ರಲ್ಲಿ ಏಪ್ರಿಲ್ 9, 2025ರಲ್ಲಿ ಮಾರ್ಚ್ 30. ಬಸವ ಜಯಂತಿ ಅಕ್ಷಯ ತೃತೀಯದ ದಿನ, 2024ರಲ್ಲಿ ಮೇ 10ಕ್ಕೆ ಹೋಗಿತ್ತು, 2025ರಲ್ಲಿ ಏಪ್ರಿಲ್ 30. ಅಂದ್ರೆ ಏಪ್ರಿಲ್ ಹಾಳೇಲಿ ಇವು ಇರ್ತವೆ ಅನ್ನೋ ಗ್ಯಾರಂಟಿನೇ ಇಲ್ಲ. ಹಳೇ ವರ್ಷದ ಲಿಸ್ಟ್ ಕಾಪಿ ಮಾಡಕ್ಕೆ ಹೋಗ್ಬೇಡಿ, ಮನೇಲಿ ಒಂಟಿಕೊಪ್ಪಲ್ ಪಂಚಾಂಗ ಇದ್ರೆ ತೆಗ್ದು ನೋಡ್ಬಿಡಿ.

ಇನ್ನೊಂದು ಮಜಾ ಏನಂದ್ರೆ ಸೌರಮಾನ ಯುಗಾದಿ. ಅದು ಸೂರ್ಯ ಮೇಷ ರಾಶಿಗೆ ಬರೋ ಲೆಕ್ಕ, ಹಂಗಾಗಿ ಹೆಚ್ಚು ಕಮ್ಮಿ ಏಪ್ರಿಲ್ 14ನೇ ತಾರೀಖು ಬಿಟ್ಟು ಅಲ್ಲಾಡಲ್ಲ. ತುಳುನಾಡಿನವರ ಬಿಸು, ಕೇರಳದವರ ವಿಷು, ತಮಿಳರ ಹೊಸ ವರ್ಷ ಎಲ್ಲ ಅದೇ ಆಸುಪಾಸು. ನಿಮ್ ಅಪಾರ್ಟ್‌ಮೆಂಟಲ್ಲಿ ಮಂಗಳೂರು, ಉಡುಪಿ ಕಡೆಯವ್ರು ಇದ್ದೇ ಇರ್ತಾರೆ, ಅವ್ರನ್ನ ಮರೀಬೇಡಿ.

ಪೀಣ್ಯ_ಪುಟ್ಟ
ಗುರು, ಏಪ್ರಿಲ್ 19 ದೊಡ್ಡಕ್ಷರದಲ್ಲಿ ಹಾಕು. 1975ರ ಏಪ್ರಿಲ್ 19, ಆರ್ಯಭಟ ಉಪಗ್ರಹ ಮೇಲೆ ಹೋದ ದಿನ, ಇಂಡಿಯಾದ ಮೊದಲನೇ ಉಪಗ್ರಹ, ಮಾಡಿದ್ದೆಲ್ಲಿ ಅಂದ್ರೆ ನಮ್ ಪೀಣ್ಯದಲ್ಲಿ! ಇಂಡಸ್ಟ್ರಿಯಲ್ ಎಸ್ಟೇಟಿನ ಶೆಡ್ಡುಗಳಲ್ಲಿ. ಈಗ ಆ ಕಡೆ ಹೋದ್ರೆ ಲಾರಿ, ಲೇತ್ ಮಷೀನ್, ಧೂಳು ಅಷ್ಟೇ ಕಾಣೋದು, ಆಗ ಅಂಥದ್ದೇ ಶೆಡ್ಡುಗಳೊಳಗೆ ಕೂತು 360 ಕೆಜಿ ತೂಕದ 26 ಮುಖದ ಒಂದು ಪೆಟ್ಟಿಗೆ ಕಟ್ಟಿದ್ರು. ಲೀಡ್ ಮಾಡಿದ್ದು ಯು. ಆರ್. ರಾವ್, ಉಡುಪಿ ಹತ್ರದ ಅದಮಾರಿನವರು. ಉಡಾವಣೆ ಆಗಿದ್ದು ಸೋವಿಯತ್ ರಾಕೆಟಲ್ಲಿ, ಅಲ್ಲಿನ ಕಪುಸ್ಟಿನ್ ಯಾರ್ ಅನ್ನೋ ಜಾಗದಿಂದ. ಇಲ್ಲಿ ಬೆಂಗಳೂರಲ್ಲಿ ಸಿಗ್ನಲ್ ಹಿಡಿಯಕ್ಕೆ ಜಾಗ ಸಾಲದೆ ಒಂದು ಟಾಯ್ಲೆಟ್ಟನ್ನೇ ಡೇಟಾ ಸೆಂಟರ್ ಮಾಡ್ಕೊಂಡಿದ್ರು ಅಂತ ಇಸ್ರೋದವ್ರೇ ಹೇಳ್ತಾರೆ.

ಕೆಲ ದಿನಕ್ಕೇ ಕರೆಂಟ್ ಸಪ್ಲೈ ತೊಂದ್ರೆ ಆಗಿ ಒಳಗಿನ ಪ್ರಯೋಗಗಳು ನಿಂತ್ಹೋದ್ವು, ಅದನ್ನೂ ಹೇಳ್ಬೇಕು, ಬರೀ ಜೈಕಾರ ಹಾಕಿದ್ರೆ ಮಜಾ ಇರಲ್ಲ. ಆದ್ರೂ ಅಲ್ಲಿ ಕಲ್ತ ಟೀಮೇ ಮುಂದೆ ಬೆಂಗಳೂರಿನ ಉಪಗ್ರಹ ಕೇಂದ್ರ ಆಯ್ತು, 2018ರಲ್ಲಿ ಅದಕ್ಕೆ ರಾವ್ ಅವ್ರ ಹೆಸ್ರೇ ಇಟ್ರು. ಹಳೇ ಎರಡು ರೂಪಾಯಿ ನೋಟು ಯಾರ ಮನೇಲಾದ್ರೂ ಇದ್ರೆ ತಿರುಗ್ಸಿ ನೋಡಕ್ಕೆ ಹೇಳಿ, ಹಿಂದುಗಡೆ ಇರೋದು ಅದೇ ಆರ್ಯಭಟ. ನೋಟಿನ ಜೆರಾಕ್ಸ್ ಒಂದು ಬೋರ್ಡಿಗ್ ಅಂಟ್ಸಿದ್ರೆ ಲಿಫ್ಟ್ ಬಂದ್ರೂ ಹತ್ತಲ್ಲ ಜನ.

ಅಣ್ಣಾವ್ರ_ಅಭಿಮಾನಿ
ಏಪ್ರಿಲ್ ಅಂದ್ರೆ ಅಣ್ಣಾವ್ರ ತಿಂಗಳು ಸ್ವಾಮಿ, ಇದನ್ನ ಇನ್ನೂ ಯಾರೂ ಹೇಳಿಲ್ವಲ್ಲ. ಹುಟ್ಟಿದ್ದು 24 ಏಪ್ರಿಲ್ 1929, ದೊಡ್ಡಗಾಜನೂರು. ಹೋಗಿದ್ದು 12 ಏಪ್ರಿಲ್ 2006. ಎರಡೂ ಒಂದೇ ತಿಂಗಳು. ಎರಡು ದಿನವೂ ಕಂಠೀರವ ಸ್ಟುಡಿಯೋ ಸಮಾಧಿ ಹತ್ರ ಜನ ಸೇರ್ತಾರೆ, 24ಕ್ಕೆ ಅನ್ನದಾನ, ರಕ್ತದಾನ ಶಿಬಿರ, ಏರಿಯಾ ಏರಿಯಾದಲ್ಲಿ ಆಟೋ ಸ್ಟ್ಯಾಂಡಿಗೆ ಹೂವಿನ ಅಲಂಕಾರ. ಕಣ್ಣು ದಾನ ಮಾಡಿದ್ರು ಅನ್ನೋದನ್ನ ಒಂದು ಸಾಲು ಸೇರ್ಸಿ, ಬೋರ್ಡ್ ಕೆಳಗೆ ನೇತ್ರದಾನದ ಫಾರಂ ಇಟ್ರೆ ಇನ್ನೂ ಒಳ್ಳೇದು.

2025ರಲ್ಲಿ 12ನೇ ತಾರೀಖು ಪುಣ್ಯತಿಥಿ, ಅವತ್ತೇ ರಾತ್ರಿ ಕರಗ. ಬೆಳಿಗ್ಗೆ ಕಂಠೀರವ ಸ್ಟುಡಿಯೋ, ರಾತ್ರಿ ತಿಗಳರಪೇಟೆ, ಅಂಥ ದಿನ ಪದೇ ಪದೇ ಬರಲ್ಲ.

ಚಿನ್ನಸ್ವಾಮಿ_ಸ್ಟ್ಯಾಂಡ್
24 ಸಚಿನ್ ಹುಟ್ಟುಹಬ್ಬ ಕೂಡ, 1973. ಸುಮ್ನೆ ಹೇಳ್ದೆ, ಅಣ್ಣಾವ್ರ ಅಭಿಮಾನಿ ಸರ್ ಕೋಪ ಮಾಡ್ಕೋಬೇಡಿ 😄

ನಮ್ದು ಅಸಲಿ ದಿನ 23. ವಿಶ್ವ ಪುಸ್ತಕ ದಿನ ಅಂತ ಎಲ್ರೂ ಹಾಕ್ತಾರೆ, ಯುನೆಸ್ಕೋ 1995ರಿಂದ ಮಾಡ್ತಿರೋದು, ಸರಿ. ಆದ್ರೆ ಆರ್‌ಸಿಬಿ ಫ್ಯಾನಿಗೆ 23 ಅಂದ್ರೆ ಬೇರೆನೇ. 2013ರ ಏಪ್ರಿಲ್ 23, ಚಿನ್ನಸ್ವಾಮೀಲಿ ಪುಣೆ ಮೇಲೆ ಗೇಲ್ 66 ಬಾಲಿಗೆ 175 ನಾಟೌಟ್, ಟೀಮ್ 263. ಅದೇ ಏಪ್ರಿಲ್ 23, 2017, ಕೋಲ್ಕತ್ತಾದಲ್ಲಿ 49ಕ್ಕೆ ಆಲೌಟ್. ಒಂದೇ ತಾರೀಖಲ್ಲಿ ಹಬ್ಬಾನೂ ತಿಥೀನೂ. ಇನ್ನು ಏಪ್ರಿಲ್ 18, 2008, ಐಪಿಎಲ್ಲಿನ ಮೊಟ್ಟಮೊದಲ ಮ್ಯಾಚು ನಡೆದಿದ್ದೇ ಚಿನ್ನಸ್ವಾಮೀಲಿ, ಮೆಕಲಮ್ 158 ಹೊಡ್ದ, ನಾವು 82ಕ್ಕೆ ಮಲಗಿದ್ವಿ, 140 ರನ್ನಿಂದ ಸೋಲು. ಅವತ್ತು ವಿಶ್ವ ಪಾರಂಪರಿಕ ದಿನವಂತೆ, ಸೋಲೋ ಪರಂಪರೆ ಅಲ್ಲಿಂದಲೇ ಶುರುವಾಯ್ತು ಅನ್ಕೋಬೋದು.

ಬೇಗೂರು_ಕಲ್ಲು
ಮೇಲಿನವ್ರು ತಮಾಷೆ ಮಾಡಿದ್ರೂ ಏಪ್ರಿಲ್ 18 ನಮ್ಮೂರಿಗೆ ಚೆನ್ನಾಗ್ ಹೊಂದುತ್ತೆ ಮೇಡಂ/ಸರ್. ಪಾರಂಪರಿಕ ದಿನ ಅಂತ ಹಂಪಿ ಫೋಟೋ ಅಂಟಿಸೋ ಬದ್ಲು ಬೇಗೂರಿನ ನಾಗೇಶ್ವರ ದೇವಸ್ಥಾನದ ವೀರಗಲ್ಲಿನ ಬಗ್ಗೆ ನಾಲ್ಕು ಸಾಲು ಹಾಕಿ. ಸುಮಾರು ಕ್ರಿ.ಶ. 890ರದ್ದು, ಅದರಲ್ಲಿ "ಬೆಂಗಳೂರ ಕಾಳಗ" ಅಂತಿದೆ, ಅಂದ್ರೆ ಕೆಂಪೇಗೌಡರಿಗಿಂತ ಆರು ಶತಮಾನಕ್ಕೂ ಮೊದಲೇ ಈ ಹೆಸರಿತ್ತು. ಬೆಂದಕಾಳೂರು ಕಥೆ ಹೇಳಿಕೊಂಡೇ ಬೆಳೆದವ್ರಿಗೆ ಇದೊಂದು ಶಾಕ್. ಇಲ್ಲಾಂದ್ರೆ ಲಾಲ್‌ಬಾಗ್ ಬಂಡೆ ಮೇಲಿನ ಗಡಿ ಗೋಪುರಕ್ಕೆ ಒಂದು ಭಾನುವಾರ ಬೆಳಿಗ್ಗೆ ವಾಕ್ ಇಟ್ಕೊಳ್ಳಿ. ನನ್ನ ಕೇಳಿದ್ರೆ ಹೋಗಿ ನೋಡಕ್ಕೆ ಜಾಗ ಇಲ್ದೇ ಇರೋ, ಮಾಡಕ್ಕೆ ಕೆಲ್ಸ ಇಲ್ದೇ ಇರೋ ವಿಶ್ವ ದಿನಗಳನ್ನೆಲ್ಲ ಸಾರಾಸಗಟಾಗಿ ಕಿತ್ತಾಕ್ಬೇಕು.

ಸುಧಾ_ಚಾಮರಾಜಪೇಟೆ
ಕರಗದ ಬಗ್ಗೆ ಬರೀ ತಾರೀಖು ಹಾಕಿ ಬಿಡ್ಬೇಡಿ ದಯವಿಟ್ಟು, ಹೊಸಬ್ರಿಗೆ ಏನೂ ಗೊತ್ತಾಗಲ್ಲ. ಅದು ತಿಗಳ ಸಮುದಾಯದವ್ರ ಆಚರಣೆ, ದ್ರೌಪದಮ್ಮನ ಹಬ್ಬ, ಧರ್ಮರಾಯಸ್ವಾಮಿ ದೇವಸ್ಥಾನದ್ದು. ಹುಣ್ಣಿಮೆಗೆ ಮುಂಚೆನೇ ಧ್ವಜಾರೋಹಣ ಆಗಿ ದಿನಗಟ್ಲೆ ನಡೆಯುತ್ತೆ, ಹಸಿ ಕರಗ ಮುಗಿದ್ಮೇಲೆ ಕೊನೇ ರಾತ್ರಿ ಹೂವಿನ ಕರಗ. ಕರಗ ಹೊರೋರು ಸೀರೆ, ಬಳೆ ತೊಟ್ಟು ಹೆಣ್ಣಿನ ವೇಷದಲ್ಲಿ ಇರ್ತಾರೆ, ತಲೆ ಮೇಲೆ ಮಲ್ಲಿಗೆ ಗೋಪುರ, ಕೈಯಲ್ಲಿ ಹಿಡ್ಕೊಳಲ್ಲ. ಸುತ್ತ ವೀರಕುಮಾರರು ಬರಿಮೈಲಿ ಕತ್ತಿ ಹಿಡ್ದು "ಗೋವಿಂದಾ ಗೋವಿಂದ" ಅಂತ ಓಡ್ತಾರೆ. ದೇವಸ್ಥಾನದ ಬಾಗ್ಲಿಂದ ಕರಗ ಆಚೆ ಬರೋ ಕ್ಷಣದಲ್ಲಿ ಮೇಲಿಂದ ಎಷ್ಟು ಮಲ್ಲಿಗೆ ಎರಚ್ತಾರೆ ಅಂದ್ರೆ ಬೆಳಿಗ್ಗೆ ಮನೆಗೆ ಬಂದು ಜಡೆ ಬಿಚ್ಚಿದ್ರೂ ಎಸಳು ಉದುರುತ್ತೆ, ನೆಲದ ಮೇಲಿದ್ದ ಹೂವು ತುಳಿದು ತುಳಿದು ಚಪ್ಲಿ ಅಡಿ ಜಾರುತ್ತೆ, ಹುಷಾರು. ಮೆರವಣಿಗೆ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗುತ್ತೆ, ಅದು ಬಹಳ ಹಿಂದಿಂದ ನಡ್ಕೊಂಡ್ ಬಂದಿರೋ ಪದ್ಧತಿ. ಇದನ್ನ ಖಂಡಿತ ಬರೀರಿ.

ರಾಮನವಮಿಗೆ ನಮ್ ಕಡೆ ಪಾನಕ, ಕೋಸಂಬರಿ, ನೀರು ಮಜ್ಜಿಗೆ ಇದ್ದೇ ಇರುತ್ತೆ. ಅದಕ್ಕಿಂತ ಕೋಟೆ ಹೈಸ್ಕೂಲ್ ಮೈದಾನದ ಸಂಗೀತ, ಶ್ರೀ ರಾಮಸೇವಾ ಮಂಡಳಿಯವ್ರು 1939ರಿಂದ ನಡೆಸ್ತಿರೋದು. ಪೆಂಡಾಲ್ ಒಳಗೆ ಟಿಕೆಟ್ ಸಿಗ್ದಿದ್ರೆ ಆಚೆ ನಿಂತ್ಕೊಂಡೇ ಎಂಥೆಂಥವ್ರ ಹಾಡು ಕೇಳಿದೀವಿ.

ಗೌರಿಬಿದನೂರು_ಲೋಕಲ್
ಏಪ್ರಿಲ್ 13 ಜಲಿಯನ್‌ವಾಲಾ ಬಾಗ್ ಎಲ್ರಿಗೂ ಗೊತ್ತು, 1919. ಏಪ್ರಿಲ್ 25 ಎಷ್ಟ್ ಜನಕ್ಕೆ ಗೊತ್ತು? 1938ರಲ್ಲಿ ಅವತ್ತು ವಿದುರಾಶ್ವತ್ಥದಲ್ಲಿ ಗೋಲಿಬಾರ್ ಆಯ್ತು. ಜಾತ್ರೆಗೆ ಜನ ಸೇರಿದ್ರು, ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ ಬಾವುಟ ಹಾರಿಸಕ್ಕೆ ಅಡ್ಡಿ ಇದ್ದ ಕಾಲ, ಅದೇ ತಿಂಗಳು ಮದ್ದೂರು ಹತ್ರ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ಆಗಿತ್ತು, ಅದರ ಬಿಸಿ ಇಲ್ಲಿಗೂ ಬಂದಿತ್ತು. ಪೊಲೀಸ್ರು ಗುಂಡು ಹಾರಿಸಿದ್ರು. ಆಮೇಲೆ ಸರ್ದಾರ್ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತಾಡಿ ಒಪ್ಪಂದ ಆಯ್ತು, ಸಂಸ್ಥಾನದ ಬಾವುಟದ ಜೊತೆ ಕಾಂಗ್ರೆಸ್ ಬಾವುಟಕ್ಕೂ ಅವಕಾಶ ಸಿಕ್ತು. ನೀವು ಯಲಹಂಕದವ್ರು ಅಂತೀರಿ, ನಿಮ್ಮಲ್ಲಿಂದ ಹಿಂದೂಪುರದ ದಾರಿ ಹಿಡಿದ್ರೆ ಸಿಗೋ ಊರು. ನಾಗರಕಲ್ಲುಗಳ ಪಕ್ಕ ಹುತಾತ್ಮರ ಸ್ಮಾರಕನೂ ಇದೆ, ನಾಗರಕಲ್ಲಿಗೆ ಹಾಲೆರೆದು ಹಂಗೇ ವಾಪಸ್ ಬರೋರೇ ಜಾಸ್ತಿ ಅನ್ನೋದೇ ಬೇಜಾರು.

ಯಲಹಂಕ_ವಾಸಿ
ಅಬ್ಬಾ, ಎಲ್ರಿಗೂ ಥ್ಯಾಂಕ್ಸ್. ವಿದುರಾಶ್ವತ್ಥ ಕೇಳಿದ್ದೆ, ತಾರೀಖು ಗೊತ್ತಿರ್ಲಿಲ್ಲ. 14ಕ್ಕೆ ಅಂಬೇಡ್ಕರ್ ಜಯಂತಿ ಹೆಂಗೂ ಮೇಲ್ಗಡೆ ಇರುತ್ತೆ, 1891, ಮಹೂ. ಪಂಚಾಯತ್ ರಾಜ್ ದಿನಾನೂ 24ಕ್ಕೇ ಬರುತ್ತಲ್ಲ, ಅದನ್ನ ಹಾಕ್ಲಾ ಬಿಡ್ಲಾ? ಜಾಗ ಇಲ್ಲ ನೋಡಿ.

ಪಂಚಾಂಗ_ಪ್ರಿಯ
ಒಂದು ಸಾಲಲ್ಲಿ ಹಾಕಿ ಸರ್, 73ನೇ ತಿದ್ದುಪಡಿ ಜಾರಿಗೆ ಬಂದ ದಿನ, 24 ಏಪ್ರಿಲ್ 1993. ಊರಲ್ಲಿ ಗ್ರಾಮ ಪಂಚಾಯ್ತಿ ವೋಟು ಇಟ್ಕೊಂಡಿರೋರು ನಿಮ್ ಅಪಾರ್ಟ್‌ಮೆಂಟಲ್ಲೇ ಬೇಕಾದಷ್ಟ್ ಜನ ಇರ್ತಾರೆ.

ಸೆಕ್ರೆಟರಿ_ಕಷ್ಟ
ನಾನೂ ಒಂದು ಅಪಾರ್ಟ್‌ಮೆಂಟ್ ಸೆಕ್ರೆಟರಿ ಆಗಿದ್ದೋನು, ಹಾಗಾಗಿ ಎರಡು ಮಾತು. ಏಪ್ರಿಲ್ 14 ಅಗ್ನಿಶಾಮಕ ಸೇವಾ ದಿನ ಕೂಡ, 1944ರಲ್ಲಿ ಬಾಂಬೆ ಬಂದರಲ್ಲಿ ಹತ್ತಿ, ಸಿಡಿಮದ್ದು ತುಂಬಿದ್ದ ಹಡಗು ಸಿಡಿದು 60ಕ್ಕೂ ಹೆಚ್ಚು ಅಗ್ನಿಶಾಮಕದವ್ರು ಸತ್ತಿದ್ರು, ಅವ್ರ ನೆನಪಿಗೆ. 20ರ ತನಕ ಸಪ್ತಾಹ. ಆ ವಾರ ಬೋರ್ಡ್ ಓದಿದ್ಮೇಲೆ ಪಕ್ಕದಲ್ಲೇ ನೇತಾಕಿರೋ ಕೆಂಪು ಸಿಲಿಂಡರಿನ ಮುಳ್ಳು ಹಸಿರಲ್ಲಿದ್ಯಾ, ರೀಫಿಲ್ ಡೇಟ್ ಯಾವ್ದು ಅಂತ ಒಂದ್ಸಲ ನೋಡಿ. ನಾನು ಮೊದಲಿದ್ದ ಒಂದು ಬಿಲ್ಡಿಂಗಲ್ಲಿ ಅದರ ಪಿನ್ನಿಗೆ ಜೇಡ ಬಲೆ ಕಟ್ಟಿತ್ತು, ಯಾರೋ ಛತ್ರಿ ನೇತಾಕಿದ್ರು.

ಎರಡನೇದು, ಆಸ್ತಿ ತೆರಿಗೆ ಏಪ್ರಿಲಲ್ಲೇ ಪೂರ್ತಿ ಕಟ್ಟಿದ್ರೆ 5% ರಿಯಾಯಿತಿ ಅಂತ ನಡ್ಕೊಂಡ್ ಬಂದಿದೆ, ಈ ವರ್ಷದ್ದು ಕನ್ಫರ್ಮ್ ಮಾಡ್ಕೊಂಡು ಕೊನೇ ಸಾಲಲ್ಲಿ ಅದನ್ನೂ ಹಾಕಿ. ಯಾವ ಜಯಂತಿ ಓದ್ದೇ ಇದ್ರೂ ಅದನ್ನ ಎಲ್ರೂ ಓದ್ತಾರೆ.

ಚಿನ್ನಸ್ವಾಮಿ_ಸ್ಟ್ಯಾಂಡ್
49 ಆಲೌಟ್ ಹಾಕ್ತೀರೋ ಇಲ್ವೋ ಅದ್ ಹೇಳಿ ಮೊದಲು.

ಯಲಹಂಕ_ವಾಸಿ
175 ಹಾಕ್ತೀನಿ. 49 ಹಾಕಿದ್ರೆ ಮೂರನೇ ಫ್ಲೋರ್ ಹುಡುಗ್ರು ರಾತ್ರೋರಾತ್ರಿ ಹಾಳೆನೇ ಹರ್ದು ಬಿಸಾಕ್ತಾರೆ.