ಇಂಪ್ಲಾಂಟ್ ಸುತ್ತಲಿನ ವಸಡು ತಡವಾಗಿ ಮಾಯುತ್ತದೆಯೇ? ಅನುಭವಸ್ಥರು ತಿಳಿಸಿ

ನಮ್ಮ ತಾಯಿಯವರಿಗೆ 58 ವರ್ಷ. ಕೆಳದವಡೆಯ ಇಂಪ್ಲಾಂಟಿಗೆ (ಮೂಳೆಯಲ್ಲಿ ಕೂರಿಸಿದ ಕೃತಕ ಹಲ್ಲಿನ ಬೇರು) ವಸಡು ಬಿಡಿಸಿ ಹೀಲಿಂಗ್ ಕ್ಯಾಪ್ (ವಸಡು ಮಾಯುವವರೆಗಿನ ತಾತ್ಕಾಲಿಕ ಮುಚ್ಚಳ) ಕೂರಿಸಿದ ದಿನವೇ ಪಕ್ಕದ ಎರಡು ಹಲ್ಲುಗಳಿಗೆ ಫ್ಲಾಪ್ ಸರ್ಜರಿಯನ್ನೂ (ವಸಡು ಬಿಡಿಸಿ ಬೇರು ಶುಚಿಮಾಡಿ ಹೊಲಿಯುವುದು) ಮಾಡಿದರು. ಈಗ 3 ವಾರ ಕಳೆದಿದೆ. ಹಲ್ಲುಗಳ ಸುತ್ತ ವಸಡು ಬಿಗಿದುಕೊಂಡಿದೆ. ಕ್ಯಾಪಿನ ಸುತ್ತ ಮಾತ್ರ ಇನ್ನೂ ಕೆಂಪಗೆ, ಸಡಿಲವಾಗಿದೆ. ನೋವಿಲ್ಲ. ಇನ್ನೂ ಕಾಯಬಹುದೇ?

ಉತ್ತರ 1
ಎರಡು ವರ್ಷದ ಹಿಂದೆ ನನಗೂ ಹೀಗೆಯೇ ಆಗಿತ್ತು. ಮೊದಲ ವಾರ ಹೊಲಿಗೆಯ ಮೇಲೆ ಬೆಳ್ಳಗಿನ ಪೊರೆ ಕಟ್ಟಿದ್ದನ್ನು ಕೀವೆಂದು ತಿಳಿದು ಹತ್ತಿಯಿಂದ ಒರೆಸಿ ರಕ್ತ ಬರಿಸಿಕೊಂಡೆ. ಅದು ಗಾಯವನ್ನು ಕಾಪಾಡುವ ಫೈಬ್ರಿನ್ ಪೊರೆಯೆಂದು ವೈದ್ಯರು ಆಮೇಲೆ ಹೇಳಿದರು. ಹತ್ತನೆಯ ದಿನ ಹೊಲಿಗೆ ಬಿಚ್ಚಿದರು. ಅಲ್ಲಿಯವರೆಗೆ ಗಂಜಿ, ಮೊಸರನ್ನ, ಆರಿದ ಇಡ್ಲಿ. ಕ್ಲೋರ್‌ಹೆಕ್ಸಿಡಿನ್‌ ಎಂಬ ಸೋಂಕುನಿವಾರಕ ದ್ರವದಿಂದ ಬಾಯಿ ಮುಕ್ಕಳಿಸುತ್ತಿದ್ದಷ್ಟು ದಿನ ಸಾರಿನ ರುಚಿಯೇ ತಿಳಿಯಲಿಲ್ಲ, ಹಲ್ಲಿಗೆ ಕಂದು ಕಲೆಯೂ ಹಿಡಿಯಿತು. ಕಲೆ ಆಮೇಲೆ ಕ್ಲೀನಿಂಗಿನಲ್ಲಿ ಹೋಯಿತು. ಊತ ಇಳಿದ ಮೇಲೆ ಫ್ಲಾಪ್ ಮಾಡಿದ ಹಲ್ಲುಗಳು ಉದ್ದವಾದಂತೆ ಕಂಡು, ತಣ್ಣೀರು ಜುಮ್ಮೆನ್ನುತ್ತಿತ್ತು. ಕ್ಯಾಪಿನ ಸುತ್ತಲಿನ ಕೆಂಪು ಮಾತ್ರ ಇಳಿಯದಿದ್ದಾಗ ತೋರಿಸಿದೆ: ಕ್ಯಾಪ್ ಅರ್ಧ ಸುತ್ತು ಸಡಿಲಗೊಂಡು, ಅದರಡಿ ಆಹಾರದ ಕಣ ಸೇರುತ್ತಿತ್ತು. ತೊಳೆದು ಬಿಗಿ ಮಾಡಿದ ವಾರದೊಳಗೆ ಬಣ್ಣ ತಿಳಿಯಾಯಿತು. ತಾವೂ ಮೊದಲು ಅದನ್ನೇ ಪರೀಕ್ಷೆ ಮಾಡಿಸಿ.

ಉತ್ತರ 2
ನಾನು ವಸಡಿನ ಚಿಕಿತ್ಸೆಯನ್ನೇ ಮಾಡುವವಳು. ಹಲ್ಲಿನ ಬೇರಿಗೆ ಸಿಮೆಂಟಮ್ ಎಂಬ ಹೊದಿಕೆಯಿದ್ದು, ವಸಡಿನ ನಾರುಗಳು ಅದರೊಳಗೆ ನೇರವಾಗಿ ನಾಟಿಕೊಂಡಿರುತ್ತವೆ. ಇಂಪ್ಲಾಂಟಿನ ಟೈಟಾನಿಯಂ ಲೋಹದ ಮೇಲೆ ಅಂಥ ಹೊದಿಕೆಯಿಲ್ಲದ ಕಾರಣ ನಾರುಗಳು ಅದಕ್ಕೆ ಸಮಾನಾಂತರವಾಗಿಯೋ ಬಳೆಯಂತೆ ಸುತ್ತುವರಿದೋ ನಿಲ್ಲುತ್ತವೆ, ಒಳಹೊಕ್ಕು ಹಿಡಿಯುವುದಿಲ್ಲ. ಜೊತೆಗೆ ಹಲ್ಲನ್ನೂ ಮೂಳೆಯನ್ನೂ ಬೆಸೆಯುವ ಲಿಗಮೆಂಟಿನಿಂದ ಬರುವ ರಕ್ತ ಇಲ್ಲಿ ದೊರೆಯದು. ಆದ್ದರಿಂದ ಈ ವಸಡು ಪಕ್ವವಾಗಲು ಸಾಮಾನ್ಯವಾಗಿ 6ರಿಂದ 8 ವಾರ ಹಿಡಿಯುತ್ತದೆ. 3 ವಾರಕ್ಕೆ ಸ್ವಲ್ಪ ಸಡಿಲ ಕಂಡರೆ ಗಾಬರಿ ಬೇಡ. ಆದರೆ ಕೆಂಪು ಹೆಚ್ಚುತ್ತಿದ್ದರೆ, ಮೆಲ್ಲಗೆ ಮುಟ್ಟಿದರೂ ರಕ್ತ ಬರುತ್ತಿದ್ದರೆ, ಒತ್ತಿದಾಗ ಕೀವು ಕಂಡರೆ ಒಂದು ದಿನವೂ ಕಾಯಬಾರದು. ನಾರಿನ ತಡೆ ದುರ್ಬಲವಿರುವಲ್ಲಿ ಸೋಂಕು ಬೇಗ ಮೂಳೆಗಿಳಿಯುತ್ತದೆ. ನೋವಿಲ್ಲವೆಂಬುದನ್ನು ದಯವಿಟ್ಟು ಲೆಕ್ಕಕ್ಕೆ ಹಿಡಿಯಬೇಡಿ. ತಾಯಿಯವರಿಗೆ ಸಕ್ಕರೆ ಕಾಯಿಲೆ ಅಥವಾ ಹೊಗೆಸೊಪ್ಪಿನ ಅಭ್ಯಾಸ ಇದೆಯೇ ಎಂಬುದನ್ನು ತಾವು ಬರೆದಿಲ್ಲ. ಎರಡೂ ಗಾಯ ಮಾಯುವುದನ್ನು ತಡಮಾಡುತ್ತವೆ.

ಉತ್ತರ 3
ಮೇಡಂ ಹೇಳಿದ್ದು ನಿಜ. ನನಗೆ ಸಕ್ಕರೆ ಕಾಯಿಲೆಯಿದ್ದು, ನೋವಿಲ್ಲವೆಂದು ನಾಲ್ಕು ತಿಂಗಳು ತೋರಿಸದೆ ಬಿಟ್ಟೆ. ಬೆಳಿಗ್ಗೆ ಉಗುಳಿನಲ್ಲಿ ಬರುತ್ತಿದ್ದ ರಕ್ತವನ್ನು ಬ್ರಷ್ಷಿನ ತಪ್ಪೆಂದುಕೊಂಡು ಬ್ರಷ್ ಬದಲಾಯಿಸಿದ್ದೇ ಬಂತು; ಎಕ್ಸ್‌ರೇ ತೆಗೆಸಿದಾಗ ಇಂಪ್ಲಾಂಟ್ ಸುತ್ತಲಿನ ಮೂಳೆ ಸವೆದಿತ್ತು. ತಾಯಿಯವರನ್ನು ಈ ವಾರವೇ ಕರೆದುಕೊಂಡು ಹೋಗಿ.