ಆಶ್ರಮದಲ್ಲಿ ಅಮ್ಮನ ಬೆಡ್‌ಸೋರ್‌ಗೆ (ಮಲಗೇ ಇದ್ದು ಆದ ಹುಣ್ಣಿಗೆ) ಹುಳ ಬಿದ್ದಿದೆ. ಮತ್ತೆ ಅಲ್ಲಿಗೇ ಕಳಿಸೋದಾ? ಅನುಭವ ಇದ್ದವರು ಹೇಳಿ

ಕೇಳಿದವರು: ಅಮ್ಮನಿಗೆ 81, ಸ್ಟ್ರೋಕ್ ಆದಮೇಲೆ ಬೆಂಗಳೂರಿನ ಒಂದು ವೃದ್ಧಾಶ್ರಮದಲ್ಲಿದ್ದಾರೆ. ಸೊಂಟದ ಗಾಯದಲ್ಲಿ ಹುಳ ಕಂಡು ಆಸ್ಪತ್ರೆಗೆ ಸೇರಿಸಿದ್ವಿ. ಆಶ್ರಮದವರು "ಮಳೆಗಾಲ, ನೊಣ ಜಾಸ್ತಿ" ಅಂತಾರೆ. ನಾಡಿದ್ದು ಡಿಸ್ಚಾರ್ಜ್.

ಹಾಸನದ ಸೊಸೆ: ನಮ್ಮ ಮಾವನಿಗೆ ಬಾಯಲ್ಲೇ ಆಗಿತ್ತು. ಮೂಗಿನಿಂದ ಊಟ ಕೊಡೋ ರೈಲ್ಸ್ ಟ್ಯೂಬ್ ಹಾಕಿದ್ರು, ಬಾಯಿ ಸದಾ ತೆರೆದೇ ಇರ್ತಿತ್ತು. ಮೇಲಿನ ಒಸಡು ಊದಿ ಗಬ್ಬು ವಾಸನೆ; ಆಯಾ "ಹುಳುಕು ಹಲ್ಲು" ಅಂದ್ಲು. ನಾನೇ ಟಾರ್ಚ್ ಬಿಟ್ಟು ನೋಡಿದೆ. ಒಸಡಿನ ತೂತಲ್ಲಿ ಬಿಳಿ ತುದಿಗಳು, ಬೆಳಕು ಬಿದ್ದ ಕೂಡ್ಲೇ ಒಳಕ್ಕೆ ಸರಿದ್ವು. ಡಾಕ್ಟ್ರು ಟರ್ಪೆಂಟೈನ್ ಹತ್ತಿ ಇಟ್ಟು ಒಂದೊಂದಾಗಿ ಚಿಮ್ಟದಲ್ಲಿ ತೆಗೆದ್ರು, ಹುಳ ಸಾಯೋಕೆ ಐವರ್ಮೆಕ್ಟಿನ್ ಅನ್ನೋ ಔಷಧಿ ಕೊಟ್ರು. ಸಿಟಿ ಸ್ಕ್ಯಾನ್ 5,500, ಒಟ್ಟು ಬಿಲ್ 38,400. ಆಶ್ರಮದವರು ಆ ತಿಂಗಳಿನ 27,000 ಪೂರ್ತಿ ಹಿಡ್ಕೊಂಡ್ರು, ಬಳಸದ ಡಯಾಪರ್‌ಗೂ 2,150! ಮನೆಗೆ ಕರ್ಕೊಂಡು ಬಂದೆ. ಕೆಲಸ ಬಿಟ್ಟೆ, ಬೇಜಾರಿಲ್ಲ.

ತುಮಕೂರು ಕಡೆಯವ: ಮನೆ ಅಂದ್ರೆ ನೊಣ ಬರಲ್ವೇನ್ರೀ? ನಮ್ಮಪ್ಪನ ಶುಗರ್ ಕಾಲಿಗೆ ಹುಳ ಬಿದ್ದಿದ್ದೇ ಮನೇಲಿ, ನಾವು ನಾಲ್ಕು ಜನ ಇದ್ದಾಗ. ಸ್ಪರ್ಶವೇ ಇರ್ಲಿಲ್ಲ, ಅವರಿಗೆ ಗೊತ್ತೇ ಆಗ್ಲಿಲ್ಲ. ಈ ಹುಳ ಬೀಳಿಸೋ ಸ್ಕ್ರೂವರ್ಮ್ ಅನ್ನೋ ನೊಣ ಜೀವಂತ ಮಾಂಸದ ಅಂಚಿಗೇ ಮೊಟ್ಟೆ ಇಡುತ್ತೆ, ಸುಮಾರು ಒಂದು ದಿನದಲ್ಲಿ ಮರಿ. ಎರಡು ಬೆರಳು ಹೋದ್ವು. ಆಮೇಲೆ ಆಶ್ರಮಕ್ಕೆ ಸೇರಿಸಿದೆ. ಈಗ ಗಾಯ ಕ್ಲೀನು. "ಕೆಲಸ ಬಿಟ್ಟೆ" ಅಂತ ಇಲ್ಲಿ ಮೆರೆಯೋರಿಗೆ ಮನೆ ಕಂತು ಇಲ್ಲ ಅನ್ಸುತ್ತೆ.

ಹಾಸನದ ಸೊಸೆ: ನಾಲ್ಕು ಜನ ಇದ್ದೂ ಒಬ್ರೂ ಕಾಲು ನೋಡ್ಲಿಲ್ವಾ?

ಹಳ್ಳಿ ಮನೆ: ನಮ್ಮ ಹಸುಗಳಿಗೆ ನುಸಿಗುಳಿಗೆ ಪುಡಿ ಮಾಡಿ ತುಂಬ್ತೀವಿ, ಸೀತಾಫಲದ ಎಲೆ ಅರೆದು ಕಟ್ತೀವಿ. ಹತ್ತು ರೂಪಾಯಿ. 38 ಸಾವಿರ ಯಾಕೆ ಅಂತ?

ರಾತ್ರಿ ಪಾಳಿ ನರ್ಸ್: ಅಣ್ಣಾ, ದಯವಿಟ್ಟು ಇದನ್ನ ಬರೀಬೇಡಿ. ನುಸಿಗುಳಿಗೆ ಮನುಷ್ಯರ ಗಾಯಕ್ಕೆ ವಿಷ. ಟರ್ಪೆಂಟೈನ್ ಕೂಡ ಚರ್ಮ ಸುಡುತ್ತೆ, ಮನೇಲಿ ಸುರೀಬಾರ್ದು. ಹುಳ ತಲೆ ಒಳಗೆ ನೆಟ್ಟು ಬಾಲದ ಕಡೆಯಿಂದ ಉಸಿರಾಡುತ್ತೆ. ಅವಸರದಲ್ಲಿ ಎಳೆದ್ರೆ ತುಂಡಾಗಿ ಒಳಗೇ ಉಳಿಯುತ್ತೆ. ನಾನು ಕೆಲಸ ಮಾಡಿದ ಒಂದು ಕಡೆ ರಾತ್ರಿ 22 ಮಂಚಕ್ಕೆ ಒಬ್ಬಳೇ ಆಯಾ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯ್ಸಿದ್ದೀವಿ ಅಂತ ಚಾರ್ಟಿನಲ್ಲಿ ಬೆಳಿಗ್ಗೆ ಒಟ್ಟಿಗೇ ಟಿಕ್ ಹಾಕೋರು. ಕೇಳಿದ್ದಕ್ಕೆ ನನ್ನನ್ನೇ ಬಿಡಿಸಿದ್ರು, ಒಂದು ತಿಂಗಳ ಸಂಬಳ 14,500 ಇನ್ನೂ ಬಂದಿಲ್ಲ.

ಡಲ್ಲಾಸ್ ಕನ್ನಡಿಗ: ಹೆತ್ತವರನ್ನ ಆಶ್ರಮಕ್ಕೆ ತಳ್ಳೋ ಕಾಲ ಬಂತಲ್ಲ. ಹೆತ್ತವರು, ಹಿರಿಯರನ್ನ ನೋಡ್ಕೊಳ್ಳೋ ಬಗ್ಗೆ 2007ರ ಕಾಯ್ದೆ ಇದೆ, ಮಕ್ಕಳ ಮೇಲೇ ಕೇಸ್ ಹಾಕ್ಬೇಕು.

ತುಮಕೂರು ಕಡೆಯವ: ಡಲ್ಲಾಸ್‌ನಿಂದ ಬೆಡ್‌ಪ್ಯಾನ್ ಹಿಡೀತೀರಾ ಸಾರ್?

ಕೇಳಿದವರು: ಜಗಳ ಆಮೇಲೆ ಆಡಿ. ಆಶ್ರಮದ ಡೆಪಾಸಿಟ್ 50,000 ಇದೆ, ವಾಪಸ್ ಸಿಕ್ಕವರು ಯಾರಾದ್ರೂ ಇದ್ದೀರಾ?

ಹಾಸನದ ಸೊಸೆ: ನಂಗೆ ಸಿಕ್ಕಿಲ್ಲ. ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ. ಗಾಯದ ಫೋಟೊ, ಡಿಸ್ಚಾರ್ಜ್ ಸಮ್ಮರಿ ಜೋಪಾನ ಇಟ್ಕೊಳ್ಳಿ.

ಹಳ್ಳಿ ಮನೆ: ಸೀತಾಫಲಕ್ಕೆ ಯಾರೂ ಉತ್ತರ ಕೊಡ್ಲಿಲ್ಲ.